ಇನ್ನೊಂದೇ ಒಂದು ಕಾರ್ಡು

ಹೋದ ಮಳೆಗಾಲದವರೆಗೂ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಇರ್ತಿತ್ತು. ಆಫೀಸಿನ ಸೆಕ್ಯುರಿಟಿಯವರು ಒಂದೆರಡು ಸಲ ಅದನ್ನ ತೆಗೆಸಿ ನೋಡಿದ್ರು. ಒಳಗೆ ಊಟ ಇಲ್ಲ, ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಟ್ಟು ಕಾರ್ಡು. "ಇಸ್ಪೀಟಾ ಸಾರ್?" ಅಂದ್ರು. "ಅಲ್ಲ, ಹಡಗಿನ ಆಟ" ಅಂದೆ. ಆಮೇಲೆ ಕೇಳೋದು ಬಿಟ್ರು.

ಆಟದ ಹೆಸರು ಪೋರ್ಟ್ ರಾಯಲ್. ರೂಪಿಸಿದವರು ಆಸ್ಟ್ರಿಯಾದ ಅಲೆಕ್ಸಾಂಡರ್ ಫಿಸ್ಟರ್. ಜರ್ಮನಿಯ ಪೆಗಾಸಸ್ ಷ್ಪೀಲೆ ಕಂಪನಿ 2014ರಲ್ಲಿ ಇದನ್ನ ಹೊರತಂದಿತು. ಬೋರ್ಡ್ ಗೇಮ್ ಹುಚ್ಚಿರೋರಿಗೆ ಫಿಸ್ಟರ್ ಅಂದ್ರೆ ಗ್ರೇಟ್ ವೆಸ್ಟರ್ನ್ ಟ್ರೇಲ್ ಥರದ, ಮೇಜು ತುಂಬಾ ಹರಡಿಕೊಂಡು ಎರಡೂವರೆ ಗಂಟೆ ಕೂರಿಸೋ ಭಾರೀ ಆಟಗಳ ನೆನಪು. ಇದು ಹಾಗಲ್ಲ. 120 ಕಾರ್ಡು, ಅಷ್ಟೇ. ಬೋರ್ಡಿಲ್ಲ, ದಾಳವಿಲ್ಲ, ಬಿಲ್ಲೆಗಳಿಲ್ಲ. ಇಬ್ಬರಿಂದ ಐದು ಜನ ಆಡಬಹುದು, ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯತ್ತೆ. ಜರ್ಮನಿಗೆ ಆನ್‌ಸೈಟ್ ಹೋಗಿದ್ದ ಸಹೋದ್ಯೋಗಿಯೊಬ್ಬ ಎಲ್ಲರಿಗೂ ಚಾಕೊಲೇಟ್ ತಂದು, ನನಗೆ ಮಾತ್ರ ಇದನ್ನ ತಂದುಕೊಟ್ಟ. ಅದರ ರಟ್ಟಿನ ಡಬ್ಬಿ ಬ್ಯಾಗಿನಲ್ಲಿ ಜಜ್ಜಿಹೋದ ಮೇಲೆ ಟಿಫಿನ್ ಡಬ್ಬಿ ಬಂತು.

ಇಷ್ಟು ಚಿಕ್ಕದಾಗೋಕೆ ಒಂದು ಜಾಣ ಉಪಾಯ ಇದೆ. ಪ್ರತಿ ಕಾರ್ಡಿನ ಬೆನ್ನ ಮೇಲೂ ಒಂದು ನಾಣ್ಯದ ಚಿತ್ರ. ಮುಚ್ಚಿಟ್ಟರೆ ಅದು ದುಡ್ಡು. ತೆರೆದಿಟ್ಟರೆ ಅದೇ ಕಾರ್ಡು ಹಡಗೋ, ನಾವಿಕನೋ, ಪಾದ್ರಿಯೋ. ಶುರುವಿಗೆ ಪ್ರತಿಯೊಬ್ಬರ ಮುಂದೆ ಮೂರು ಕಾರ್ಡು ಮುಚ್ಚಿಡ್ತಾರೆ; ಅದೇ ಬಂಡವಾಳ. ನೀವು ಕಾಯ್ತಾ ಇರೋ ಕಡಲ್ಗಳ್ಳ ನಿಮ್ಮದೇ ಗಂಟಿನಲ್ಲಿ ಮೂರು ರೂಪಾಯಿಯ ಒಂದು ರೂಪಾಯಾಗಿ ಮಲಗಿರಬಹುದು, ನಿಮಗೆ ಗೊತ್ತಾಗೋದಿಲ್ಲ.

ಆಡೋದು ಹೀಗೆ. ನಿಮ್ಮ ಸರದಿಯಲ್ಲಿ ಕಟ್ಟಿನ ಮೇಲಿನ ಕಾರ್ಡು ತೆಗೆದು ಮೇಜಿನ ನಡುವೆ ತೆರೆದಿಡ್ತೀರಿ. ಆ ಜಾಗವೇ ಬಂದರು. ಇನ್ನೊಂದು ಬೇಕಾ? ತೆಗೀರಿ. ಇನ್ನೊಂದು? ತೆಗೀರಿ. ಎಲ್ಲಿ ನಿಲ್ಲಿಸಬೇಕು ಅನ್ನೋದು ನಿಮಗೆ ಬಿಟ್ಟದ್ದು. ಹಡಗುಗಳು ಐದು ಬಣ್ಣದವು. ಬಂದರಿನಲ್ಲಿ ಆಗಲೇ ಇರೋ ಬಣ್ಣದ ಇನ್ನೊಂದು ಹಡಗು ಬಂತೋ, ಕೆಟ್ಟಿತು. ತೆರೆದದ್ದೆಲ್ಲ ಬಾಚಿ ಪಕ್ಕಕ್ಕೆ. ನಿಮಗೆ ಏನೂ ಇಲ್ಲ, ಸರದಿ ಮುಂದಿನವರದ್ದು.

ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ರೆ ಅಲ್ಲಿರೋದರಲ್ಲಿ ಒಂದು ಕಾರ್ಡು ಆರಿಸಿಕೊಳ್ಳಬಹುದು. ಹಡಗಾದ್ರೆ ಅದರ ಮೇಲೆ ಬರೆದಷ್ಟು ನಾಣ್ಯ ಸಿಗತ್ತೆ. ಮನುಷ್ಯರಾದ್ರೆ ನೀವೇ ನಾಣ್ಯ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ತೀರಿ, ಅವರು ಆಟದುದ್ದಕ್ಕೂ ನಿಮ್ಮ ಮುಂದೆ ಕೂತಿರ್ತಾರೆ. ಬಂದರಿನಲ್ಲಿ ನಾಲ್ಕು ಬಣ್ಣದ ಹಡಗಿದ್ರೆ ಎರಡು ಕಾರ್ಡು, ಐದೂ ಬಣ್ಣ ಬಂದಿದ್ರೆ ಮೂರು. ಆಸೆ ಹುಟ್ಟಿಸೋದೇ ಅಲ್ಲಿ.

ನೀವು ಎತ್ತಿಕೊಂಡ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ಬಂದರಿನಿಂದ ಒಂದೊಂದು ಆರಿಸಬಹುದು, ಆದರೆ ನಿಮಗೆ ಒಂದು ನಾಣ್ಯ ಕಮಿಷನ್ ಕೊಟ್ಟು. ಹಾಗಾಗಿ ನೀವು ಕಾರ್ಡು ತೆಗೀತಾ ಇರೋವಾಗ ಸುತ್ತ ಕೂತವರೆಲ್ಲ "ತೆಗಿ, ಇನ್ನೊಂದು ತೆಗಿ" ಅಂತ ಹುರಿದುಂಬಿಸ್ತಾರೆ. ಅವರಿಗೆ ಬೇಕಾದ ಕಾರ್ಡು ಮೇಜಿಗೆ ಬಂದ ಕ್ಷಣವೇ ರಾಗ ಬದಲು: "ಸಾಕು ಸಾಕು, ಯಾಕೆ ರಿಸ್ಕು!" ನಮ್ಮ ಆಫೀಸಿನ ಅರ್ಧ ಮೀಟಿಂಗುಗಳೂ ಹೀಗೇ ನಡೆಯೋದು.

ಎಂಜಿನ್ ಕಟ್ಟೋದು ಅಂತ ಆಟದವರು ಹೇಳ್ತಾರಲ್ಲ, ಅದು ನಡೆಯೋದು ಈ ಮನುಷ್ಯರಿಂದ. ಒಂದು ಬಣ್ಣದ ವ್ಯಾಪಾರಿಯನ್ನ ಇಟ್ಟುಕೊಂಡ್ರೆ ಆ ಬಣ್ಣದ ಹಡಗಿಗೆ ಒಂದು ನಾಣ್ಯ ಹೆಚ್ಚು. ಮದಾಮ್ವಾಸೆಲ್ ಇದ್ದರೆ ಮುಂದಿನವರೆಲ್ಲ ಒಂದೊಂದು ನಾಣ್ಯ ಅಗ್ಗ. ನಿಮ್ಮ ಆಯ್ಕೆಯ ಹೊತ್ತಿಗೆ ಬಂದರಿನಲ್ಲಿ ಐದೋ ಹೆಚ್ಚೋ ಕಾರ್ಡುಗಳಿದ್ರೆ ಅಡ್ಮಿರಲ್ ಎರಡು ನಾಣ್ಯ ತಂದುಕೊಡ್ತಾನೆ. ಒಂದೂ ಉಳಿದಿಲ್ಲ ಅಂದ್ರೆ ವಿದೂಷಕ ಒಂದು ನಾಣ್ಯ ಕೊಡ್ತಾನೆ. ಬೇರೆಯವರು ಕೆಟ್ಟಾಗ ನಗೋಕೆ ಸಂಬಳ ಅವನಿಗೆ. ನಾವಿಕರು, ಕಡಲ್ಗಳ್ಳರು ಕತ್ತಿ ತರ್ತಾರೆ. ಈಗಷ್ಟೇ ಬಂದ ಹಡಗಿನ ಬಲಕ್ಕಿಂತ ನಿಮ್ಮ ಕತ್ತಿ ಕಡಿಮೆ ಇಲ್ಲದಿದ್ದರೆ ಅದನ್ನ ಓಡಿಸಿ ಆಟ ಮುಂದುವರಿಸಬಹುದು. ಪ್ರತಿ ಮನುಷ್ಯನಿಗೂ ಅಂಕ ಇರತ್ತೆ. ಯಾರಾದ್ರೂ 12 ಅಂಕ ಮುಟ್ಟಿದ್ರೆ ಆ ಸುತ್ತು ಪೂರ್ತಿಯಾಗಿ ಆಟ ಮುಗೀತು. ಮೊದಲ ಮೂರು ಸುತ್ತು ಪರದಾಟ, ಕೊನೆಯ ಮೂರು ಸುತ್ತು ಶ್ರೀಮಂತಿಕೆ.

ಮಧ್ಯೆ ತೆರಿಗೆ ಕಾರ್ಡು ಬಂತೋ, 12 ಅಥವಾ ಹೆಚ್ಚು ನಾಣ್ಯ ಗುಡ್ಡೆ ಹಾಕಿಕೊಂಡವರು ಅರ್ಧ ಕಳಕೊಳ್ತಾರೆ. ಸಂಬಳದ ಸ್ಲಿಪ್ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ನಿಜ ಹೇಳಬೇಕಂದ್ರೆ ಆಟದಲ್ಲಿ ಕಡಲ್ಗಳ್ಳತನ ಕಡಿಮೆ, ಲೆಕ್ಕ ಹೆಚ್ಚು. ಐದು ಜನ ಕೂತರೆ ನಿಮ್ಮ ಸರದಿ ಬರೋವಷ್ಟರಲ್ಲಿ ಕಾಫಿ ಆರಿಹೋಗತ್ತೆ. ಜೇಬಿಗೆ ಹಿಡಿಸತ್ತೆ ಅನ್ನೋದೂ ಅರ್ಧ ಸತ್ಯ, ಯಾಕಂದ್ರೆ ಬಂದರು ಬೆಳೀತಾ ಹೋದ ಹಾಗೆ ಜಾಗ ಬೇಕು. ಕಾರವಾರದ ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಮೇಲೆ ಹರಡಿ ಆಡೋಕೆ ಹೋಗಿ, ಫ್ಯಾನ್ ಗಾಳಿಗೆ ಗ್ಯಾಲಿಯನ್ನು ಸೀಟಿನ ಕೆಳಗೆ ತೇಲಿಹೋಯ್ತು. ನಾನೂ ಹೆಂಡತಿಯೂ ಮೊಬೈಲ್ ಟಾರ್ಚ್ ಹಿಡಿದು ಯಾರದ್ದೋ ಚಪ್ಪಲಿಗಳ ನಡುವೆ ಹುಡುಕಿದ್ವಿ.

ಆ ರೈಲಿನಲ್ಲಿ ನಾನು ಊರಿಗೆ ಹೋಗ್ತಾ ಇದ್ದದ್ದು ಅಪ್ಪನಿಗೆ ಒಂದು ವಿಷಯ ಹೇಳೋಕೆ.

ಅದಕ್ಕೆ ಎರಡು ವರ್ಷ ಹಿಂದೆ ಬೋನಸ್ಸಿನ 40 ಸಾವಿರ ಹಾಕಿ ಆಪ್ಷನ್ಸ್ ಟ್ರೇಡಿಂಗ್ ಶುರುಮಾಡಿದ್ದೆ. ಮೊದಲ ತಿಂಗಳು 22 ಸಾವಿರ ಲಾಭ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ ಅಂತ ಈಗ ಅನ್ಸತ್ತೆ. ಮೊದಲ ತಿಂಗಳೇ ಕೆಟ್ಟಿದ್ರೆ ಬಿಡ್ತಿದ್ದೆ. ಬೆಳಗಿನ ಸ್ಟ್ಯಾಂಡಪ್ ಕಾಲ್ ನಡೀತಿರುವಾಗ ಮೇಜಿನ ಕೆಳಗೆ ಫೋನು. ಹೋದದ್ದನ್ನ ವಾಪಸ್ ತರಬೇಕು, ಇನ್ನೊಂದೇ ಟ್ರೇಡು, ಇನ್ನೊಂದೇ ಒಂದು. ಹದಿನಾಲ್ಕು ತಿಂಗಳಲ್ಲಿ 3 ಲಕ್ಷದ 40 ಸಾವಿರ ಹೋಯ್ತು. ಅದರಲ್ಲಿ ಎರಡೂವರೆ ಲಕ್ಷ ಊರ ಮನೆಯ ಮಾಡು ರಿಪೇರಿಗೆ ಅಂತ ಎತ್ತಿಟ್ಟದ್ದು. ರೀಪು, ಪಕಾಸು ಗೆದ್ದಲು ತಿಂದು, ಹಂಚು ಜಾರಿ, ಅಪ್ಪ ಎರಡು ಮಳೆಗಾಲ ನೀಲಿ ತಾಡಪಾಲು ಹೊದಿಸಿ ಕಳೆದಿದ್ರು. ಫೋನಿನಲ್ಲಿ ಕೇಳಿದಾಗಲೆಲ್ಲ "ಈ ಸಲ ಬೇಸಿಗೆಗೆ ಮಾಡಿಸೋಣ" ಅಂತಿದ್ದೆ.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಅಂತ. ಅದನ್ನ ಓದಿದ ದಿನ ನನಗೆ ನಾಚಿಕೆಯಾಗಲಿಲ್ಲ, ವಿಚಿತ್ರವಾಗಿ ಸಮಾಧಾನ ಆಯ್ತು, ನಾನೊಬ್ಬನೇ ಅಲ್ವಲ್ಲ ಅಂತ. ಮಾರನೇ ದಿನ ಮತ್ತೆ ಟ್ರೇಡ್ ಮಾಡಿದೆ.

ಹೆಂಡತಿಗೆ ಗೊತ್ತಾದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ. ನಾನಾಗಿ ಹೇಳಲಿಲ್ಲ, ಅದನ್ನ ಅವಳು ಇವತ್ತಿಗೂ ಮರೆತಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಮಾವನಿಗೆ ನಾನು ಹೇಳೋದಿಲ್ಲ. ನೀನೇ ಹೋಗಿ ಹೇಳು" ಅಂದ್ಲು.

ಈ ಆಟ ನನ್ನ ಕೈಗೆ ಬಂದದ್ದು ಆ ದಿನಗಳಲ್ಲೇ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾಲ್ಕು ಜನ ಆಡ್ತಿದ್ವಿ, ನಾನು ದಿನಾ ಸೋಲ್ತಿದ್ದೆ. ಎಂಜಿನಿಯರ್ ಅಲ್ವಾ, ಒಂದು ರಾತ್ರಿ ಲೆಕ್ಕ ಹಾಕೋಕೆ ಕೂತೆ. 120 ಕಾರ್ಡುಗಳಲ್ಲಿ ಹಡಗು 50, ಬಣ್ಣಕ್ಕೆ ಹತ್ತರಂತೆ. ಆಟದ ಶುರುವಿನಲ್ಲಿ ಬಂದರಿಗೆ ಮೂರು ಬಣ್ಣದ ಮೂರು ಹಡಗು, ಇಬ್ಬರು ಮನುಷ್ಯರು ಬಂದಿದ್ದಾರೆ ಅಂದ್ಕೊಳ್ಳಿ. ಕಾಣದ 115ರಲ್ಲಿ ನಿಮ್ಮನ್ನ ಕೆಡಿಸೋ ಕಾರ್ಡು 27, ಅಂದ್ರೆ ನೂರಕ್ಕೆ 23ರಷ್ಟು ಅಪಾಯ. ಎಂಟು ಕಾರ್ಡು ತೆರೆದು ಅದರಲ್ಲಿ ನಾಲ್ಕು ಬೇರೆ ಬೇರೆ ಹಡಗಿದ್ದರೆ, 112ರಲ್ಲಿ 36. ನೂರಕ್ಕೆ 32.

ಇಲ್ಲಿವರೆಗೆ ಯಾರಿಗಾದ್ರೂ ಹೊಳೆಯತ್ತೆ. ನನ್ನ ಕಣ್ಣು ನೆಟ್ಟದ್ದು ಇನ್ನೊಂದು ಸಂಖ್ಯೆ ಮೇಲೆ. ನಾಲ್ಕು ಹಡಗಿರುವಾಗ ನಾವು ಇನ್ನೊಂದು ಕಾರ್ಡು ತೆಗೆಯೋದು ಯಾಕೆ? ಐದನೇ ಬಣ್ಣ ಬಂದು ಮೂರನೇ ಕಾರ್ಡು ಸಿಗಲಿ ಅಂತ. ಆ ಐದನೇ ಬಣ್ಣದ ಹಡಗು ಇರೋದೇ ಹತ್ತು. ಹತ್ತು ಕಾರ್ಡಿನ ಆಸೆಗೆ ಮೂವತ್ತಾರು ಕಾರ್ಡಿನ ಭಯವನ್ನ ನಾನು ದಿನಾ ಮಧ್ಯಾಹ್ನ ನುಂಗ್ತಾ ಇದ್ದೆ, ಕೈಯಲ್ಲಿ ಒಂದು ಕತ್ತಿಯೂ ಇಲ್ಲದೆ. ಕಾಗದದ ಮೇಲೆ ಪೆನ್ನಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ. ಇದೇ ಲೆಕ್ಕವನ್ನ ಆ ಆ್ಯಪಿನ ಮುಂದೆ ಒಂದು ದಿನವಾದ್ರೂ ಮಾಡಿದ್ನಾ? ಅಲ್ಲಿ ಕಟ್ಟಿನಲ್ಲಿ ಎಷ್ಟು ಕಾರ್ಡಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಎಫ್ ಆ್ಯಂಡ್ ಓ ಸೌಲಭ್ಯ ನಿಷ್ಕ್ರಿಯ ಮಾಡಿದೆ. ಹೆಂಡತಿ ಪಕ್ಕದಲ್ಲಿ ನಿಂತು ನೋಡಿದ್ಲು, ಏನೂ ಅನ್ನಲಿಲ್ಲ.

ಊರು ಅಂದ್ರೆ ಹೊನ್ನಾವರದ ಹತ್ತಿರ, ನಮ್ಮದು ಅಡಿಕೆ ತೋಟ. ಜುಲೈ ಮಳೆ, ಕರೆಂಟು ಹೋಗಿ ಎರಡನೇ ದಿನ. ಜಗಲಿಯಲ್ಲಿ ಎರಡು ಕಡೆ ಸೋರೋ ನೀರಿಗೆ ಆಯಿ ಕೊಡಪಾನ ಇಟ್ಟಿದ್ರು. ನಾನು ಮೊದಲ ದಿನ ಹೇಳಲಿಲ್ಲ. ಎರಡನೇ ದಿನ ಸಂಜೆ ಹೇಳೋಣ ಅಂತ ಹೋಗಿ, ಅಪ್ಪನ ಎದುರು ಕೂತು, ಟಿಫಿನ್ ಡಬ್ಬಿ ಬಿಚ್ಚಿದೆ.

"ಎಂತದೋ ಇದು?" ಅಂದ್ರು ಅಪ್ಪ.

ಆಟಕ್ಕೆ ಬೇಕಾದ್ದೆಲ್ಲ ಚಿಹ್ನೆಗಳಲ್ಲೇ ಇರೋದ್ರಿಂದ ಕಾರ್ಡಿನ ಮೇಲೆ ಇಂಗ್ಲಿಷೋ ಜರ್ಮನ್ನೋ ಓದಬೇಕಾಗಿಲ್ಲ. ಇಸ್ಪೀಟಿನಲ್ಲಿ ಪಳಗಿದ ಕೈ ಬೇರೆ, ಹತ್ತು ನಿಮಿಷದಲ್ಲಿ ಹಿಡಿದುಬಿಟ್ರು. ಆಯಿ ಮದಾಮ್ವಾಸೆಲ್ ಕಾರ್ಡು ನೋಡಿ "ಇದ್ಯಾರು ಸೊಕ್ಕಿನ ಹೆಂಗಸು" ಅಂತ ನಕ್ಕು, ಸಿಕ್ಕ ಮದಾಮ್ವಾಸೆಲ್‌ಗಳನ್ನೆಲ್ಲ ತಾವೇ ಕೊಂಡ್ರು. ಲಾಟೀನಿನ ಬೆಳಕಿನಲ್ಲಿ ಬಣ್ಣ ಸರಿಯಾಗಿ ತಿಳೀದೆ ಹಡಗಿನ ಚಿತ್ರ ಹತ್ತಿರ ಹಿಡಿದು ನೋಡಬೇಕಿತ್ತು. ತೇವಕ್ಕೆ ಕಾರ್ಡುಗಳು ಹಪ್ಪಳದ ಹಾಗೆ ಬಾಗಿದ್ವು.

ಪೋರ್ಟ್ ರಾಯಲ್ ನಿಜವಾದ ಊರಾ ಅಂತ ಅಪ್ಪ ಕೇಳಿದ್ರು. ಹೌದು, ಜಮೈಕಾದಲ್ಲಿದೆ ಅಂದೆ. 1655ರಲ್ಲಿ ಇಂಗ್ಲಿಷರು ಆ ದ್ವೀಪವನ್ನ ಸ್ಪೇನಿನವರಿಂದ ಕಿತ್ಕೊಂಡ ಮೇಲೆ ಸ್ಪೇನಿನ ಹಡಗು ದೋಚೋರಿಗೆಲ್ಲ ಅದೇ ತಂಗುದಾಣ. ದೋಚಿದ್ದು ಬಂದು ಬೀಳ್ತಿದ್ದ ಊರು, ಅಳತೆಗೆ ಮೀರಿದ ಸಿರಿ. ಊರು ನಿಂತದ್ದು ಮಾತ್ರ ಕಡಲಿಗೆ ಚಾಚಿದ ಮರಳು ದಿಬ್ಬದ ಮೇಲೆ. 1692ರ ಜೂನ್ 7ರಂದು ಭೂಕಂಪವಾಗಿ ಮರಳು ಕೆಸರಿನ ಹಾಗೆ ಸಡಿಲಾಯ್ತು, ಊರಿನ ಮೂರರಲ್ಲಿ ಎರಡು ಪಾಲು ಕಡಲಿಗಿಳೀತು. ಆ ದಿನವೇ ಸುಮಾರು ಎರಡು ಸಾವಿರ ಜನ ಸತ್ತರು. 1959ರಲ್ಲಿ ಮುಳುಗಿ ಹುಡುಕಿದವರಿಗೆ ಒಂದು ಜೇಬು ಗಡಿಯಾರ ಸಿಕ್ತು, ಮುಳ್ಳು ನಿಂತದ್ದು 11:43ರ ಹತ್ತಿರ. ಅದೇ ಮುಳುಗಿದ ಊರು 2025ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು.

"ಹೊನ್ನಾವರದಲ್ಲೂ ಒಬ್ಬ ಇದ್ದಿದ್ನಲಾ, ತಿಮ್ಮೋಜ" ಅಂದ್ರು ಅಪ್ಪ. ನಿಜವೇ. ವಿಜಯನಗರದ ಕಾಲದಲ್ಲಿ ಹೊನ್ನಾವರದಿಂದ ಹಡಗುಪಡೆ ನಡೆಸ್ತಿದ್ದವ. ಒಬ್ಬರಿಗೆ ನೌಕಾನಾಯಕ, ಇನ್ನೊಬ್ಬರಿಗೆ ಕಡಲ್ಗಳ್ಳ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್‌ಗೆ ಗೋವಾ ಹಿಡಿಯೋಣ ಬಾ ಅಂತ ಪುಸಲಾಯಿಸಿದ್ದು ಇವನೇ. ಶರಾವತಿ ಕಡಲು ಸೇರೋ ನಮ್ಮ ಊರಿನವರಿಗೆ ಕೆರಿಬಿಯನ್ ಆಟ ಅಷ್ಟೇನೂ ಪರಕೀಯ ಅನ್ನಿಸದೇ ಇದ್ದದ್ದು ಅದಕ್ಕೇ ಇರಬಹುದು.

ಅಪ್ಪ ಜಾಗ್ರತೆಯ ಮನುಷ್ಯ, ಎರಡನೇ ಹಡಗಿಗೇ ನಿಲ್ಲಿಸ್ತಾರೆ ಅಂದ್ಕೊಂಡಿದ್ದೆ. ನನ್ನ ಅಂದಾಜು ಪೂರ್ತಿ ತಪ್ಪು. ಎರಡನೇ ಆಟದಲ್ಲಿ ಅವರ ಮುಂದೆ ನಾಲ್ಕು ಬಣ್ಣದ ಹಡಗು, ಕತ್ತಿ ಒಂದೂ ಇಲ್ಲ. ನಿಲ್ಲಿಸಿದ್ರೆ ಎರಡು ಕಾರ್ಡು ಖಾತ್ರಿ.

"ಕೆಡೋದು ಎಷ್ಟು?" ಅಂದ್ರು.

"ಮೂರರಲ್ಲಿ ಒಂದು."

"ಅಂದ್ರೆ ಎರಡು ಪಾಲು ಉಳೀತಲಾ" ಅಂತ ತೆಗೆದೇಬಿಟ್ರು. ಆಗಲೇ ಇದ್ದ ಬಣ್ಣದ್ದೇ ಸ್ಕಿಫ್ ಬಂತು. ಕೆಟ್ಟಿತು. ಆಯಿ ಜೋರಾಗಿ ನಕ್ಕು, ತಮ್ಮ ವಿದೂಷಕನ ಒಂದು ನಾಣ್ಯ ಎಣಿಸಿಕೊಂಡ್ರು.

ಅಪ್ಪನೂ ನಕ್ಕರು. ಆಮೇಲೆ ಕಾರ್ಡು ಬಾಚ್ತಾ, ನಾನು ಎಂದೂ ಕೇಳಿರದ ಒಂದು ವಿಷಯ ಹೇಳಿದ್ರು. ನಾನು ಪಿಯುಸಿಯಲ್ಲಿದ್ದಾಗ ಒಂದು ವರ್ಷ ಚಾಲಿ ಅಡಿಕೆಗೆ ಒಳ್ಳೇ ದರ ಇತ್ತಂತೆ. ಸೊಸೈಟಿಗೆ ಹಾಕಿದ್ರೆ ನನ್ನ ಎಂಜಿನಿಯರಿಂಗ್ ಫೀಸು ಅದರಲ್ಲೇ ಆಗ್ತಿತ್ತು. ಇನ್ನೂ ಏರತ್ತೆ ಅಂತ ಮೂಟೆಗಳನ್ನ ಅಟ್ಟದಲ್ಲೇ ಇಟ್ಕೊಂಡ್ರು. ದರ ಇಳೀತು. ಇಳಿದದ್ದು ಏರಲಿ ಅಂತ ಮತ್ತೆ ಕಾದ್ರು. ಅಷ್ಟರಲ್ಲಿ ಹುಳ ಹಿಡೀತು. "ನಿನ್ನ ಫೀಸಿಗೆ ಸಾಲ ಮಾಡಿದ್ದು ಅದಕ್ಕೇ. ನಿನ್ನ ಹತ್ರ ಹೇಳಲೆ" ಅಂದ್ರು. ಆಯಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ನನಗೊಬ್ಬನಿಗೇ.

ಹೆಂಡತಿ ನನ್ನ ಕಡೆ ನೋಡಿದ್ಲು.

ಹೇಳಿದೆ. ತಲೆ ತಗ್ಗಿಸಿ, ನಾಣ್ಯದ ಕಾರ್ಡುಗಳನ್ನ ಒಂದರ ಮೇಲೊಂದು ಜೋಡಿಸ್ತಾ. ಮಳೆ ಸದ್ದಿಗೆ ಅರ್ಧ ಕೇಳಿಸಲಿಲ್ಲ ಅನ್ಸತ್ತೆ, "ಎಷ್ಟು ಹೋತು?" ಅಂತ ಎರಡು ಸಲ ಕೇಳಿದ್ರು. ಎರಡನೇ ಸಲ ಮೊತ್ತ ಹೇಳೋದು ಮೊದಲಿನದಕ್ಕಿಂತ ಕಷ್ಟ.

"ಮಾಡಿನ ದುಡ್ಡಾ?"

"ಹೌದು ಅಪ್ಪ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊಡಪಾನಕ್ಕೆ ನೀರು ಬೀಳೋ ಸದ್ದು ಮಾತ್ರ. ಅಪ್ಪ ತಮ್ಮ ಮುಂದಿದ್ದ ವ್ಯಾಪಾರಿ, ಪಾದ್ರಿ, ಕಪ್ತಾನರ ಕಾರ್ಡುಗಳನ್ನ ಬೆರಳಲ್ಲಿ ಸರಿಪಡಿಸ್ತಾ ಇದ್ರು. ಕೊನೆಗೆ, "ಇದರಲ್ಲಿ ಕೆಟ್ಟರೂ ಇವರೆಲ್ಲ ಇಲ್ಲೇ ಇರ್ತ, ಅಲ್ದಾ?" ಅಂದ್ರು. ಇರ್ತಾರೆ ಅಂದೆ. ಈ ಆಟದಲ್ಲಿ ಕೆಟ್ಟರೆ ಹೋಗೋದು ಆ ಸರದಿ ಮಾತ್ರ. ಕೈಯಲ್ಲಿದ್ದ ನಾಣ್ಯವೂ, ಕೆಲಸಕ್ಕಿಟ್ಟ ಜನವೂ ಹೋಗೋದಿಲ್ಲ. ಇನ್ನೂ ನಿಮ್ಮದಾಗದೇ ಇದ್ದದ್ದನ್ನ ಮಾತ್ರ ನೀವು ಪಣಕ್ಕಿಡ್ತೀರಿ. ಇಷ್ಟು ದಿನ ಆಡಿಯೂ ನಾನು ಇದನ್ನ ಗಮನಿಸಿರಲಿಲ್ಲ.

ಅಪ್ಪ ಎದ್ದು ಒಳಗೆ ಹೋದ್ರು. ಆಟ ಅಲ್ಲಿಗೇ ನಿಂತಿತು. ರಾತ್ರಿ ಊಟಕ್ಕೂ ಮಾತಿಲ್ಲ. ಬೆಳಗ್ಗೆ ನಾನೇಳೋ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತ್ತು, ಅವರು ಏಣಿ ಹತ್ತಿ ತಾಡಪಾಲಿನ ಹಗ್ಗ ಬಿಗೀತಾ ಇದ್ರು, ಈ ವಯಸ್ಸಿನಲ್ಲಿ. ಕೆಳಗೆ ನಿಂತು ಏಣಿ ಹಿಡಕೊಂಡೆ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅಂತ ಆಗಲೂ ಅನ್ನಿಸಿತು, ಈಗಲೂ ಅನ್ನಿಸತ್ತೆ. ಸಂಜೆ ದೀಪ ಹಚ್ಚಿದ ಮೇಲೆ, "ಆ ಡಬ್ಬಿ ತಗಂಡ್ ಬಾ" ಅಂದ್ರು.

ಮೂರು ಆಟ ಆಡಿದ್ವಿ. ಎರಡು ಆಯಿ ಗೆದ್ರು, ಒಂದು ನನ್ನ ಹೆಂಡತಿ. ಅಪ್ಪ ಮೂರರಲ್ಲೂ ಐದನೇ ಹಡಗಿಗೆ ಕೈ ಹಾಕಿದ್ರು, ಒಂದು ಸಲ ಸಿಕ್ಕೇಬಿಡ್ತು, ಮೂರು ಕಾರ್ಡು ಎತ್ತಿಕೊಂಡು ಮಗುವಿನ ಹಾಗೆ ಕುಣಿದ್ರು.

ಈಗ ತಿಂಗಳಿಗೆ 15 ಸಾವಿರ ಊರಿಗೆ ಕಳಿಸ್ತೀನಿ. ದೀಪಾವಳಿ ಹೊತ್ತಿಗೆ ಜಗಲಿ ಕಡೆ ಮಾಡು ಆಯ್ತು, ಹೊಸ ಪಕಾಸು, ಹೊಸ ರೀಪು, ಹಂಚು ಮಾತ್ರ ಹಳೇದರಲ್ಲೇ ಒಳ್ಳೇದು ಆರಿಸಿದ್ದು. ಅಡುಗೆ ಮನೆ ಕಡೆ ಬಾಕಿ ಇದೆ. ಟಿಫಿನ್ ಡಬ್ಬಿಯನ್ನ ಅಪ್ಪ ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ದಿನಾ ಸಂಜೆ ಇಬ್ಬರೇ ಆಡ್ತಾರಂತೆ.

ಹೋದ ವಾರ ರಾತ್ರಿ ಒಂಬತ್ತೂವರೆಗೆ ಫೋನು. ಆ ಹೊತ್ತಿಗೆ ಊರಿಂದ ಫೋನ್ ಬಂದ್ರೆ ಎದೆ ಧಸಕ್ ಅನ್ನತ್ತೆ.

"ಮಾಣಿ, ತೆರಿಗೆ ಕಾರ್ಡು ಬಂದ್ರೆ 12 ಇದ್ದವ ಅರ್ಧ ಕೊಡವು. ಹನ್ನೊಂದೇ ಇದ್ದವ ಎಂತ ಕೊಡವು?"

"ಏನೂ ಇಲ್ಲ ಅಪ್ಪ. ಹನ್ನೊಂದಕ್ಕೆ ತೆರಿಗೆ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಆಯಿ ನಗೋದು ಕೇಳಿಸ್ತಿತ್ತು.

"ಹಾಂಗಾರೆ ನಿನ್ನ ಆಯಿ ಒಂದು ತಿಂಗಳಿಂದ ನಂಗೆ ಮೋಸ ಮಾಡ್ತಾ ಇದ್ದು" ಅಂದು ಫೋನ್ ಇಟ್ರು.